ಮಾಸ್ಟರ್ ಹೊಲಿದ ಗಾಳಿಯಂತ್ರ

ಆ ಬೀದಿಗೆಲ್ಲ ಇದ್ದವರು ಒಬ್ಬರೇ ದರ್ಜಿ. ಹಾಗಾಗಿ ಅವರ ಮಾತನ್ನು ನಂಬದೆ ಜನರಿಗೆ ಬೇರೆ ದಾರಿ ಇರಲಿಲ್ಲ. ಪ್ಯಾಂಟು ಕೊಟ್ಟವರು ಕೇಳಿದರೆ "ನಾಳೆ" ಎನ್ನುತ್ತಿದ್ದರು, ಷರಟು ಕೊಟ್ಟವರು ಕೇಳಿದರೂ "ನಾಳೆ" ಎನ್ನುತ್ತಿದ್ದರು, ಜಗಳಕ್ಕೇ ಬಂದು ನಿಂತವರಿಗೆ ಮಾತ್ರ ವಿಶೇಷ ಗೌರವದಿಂದ "ನಾಳೆ ಖಂಡಿತ" ಎನ್ನುತ್ತಿದ್ದರು. ಹೀಗೆ ಅವರಿಗೆ ನಾಳೆ ಮಾಸ್ಟರ್ ಎಂದೇ ಹೆಸರು ಬಿದ್ದಿತ್ತು. ಮಾಸ್ಟರು ಸುಳ್ಳು ಹೇಳುವವರಲ್ಲ. ಹೇಳುವ ಹೊತ್ತಿಗೆ ನಾಳೆಯ ಮೇಲೆ ಅವರಿಗೆ ನಿಜವಾಗಿಯೂ ಭರವಸೆ ಇರುತ್ತಿತ್ತು. ಕೈಕೊಡುತ್ತಿದ್ದದ್ದು ನಾಳೆಯೇ ಹೊರತು ಅವರಲ್ಲ. ಕೆಲಸ ಮಾತ್ರ ಚೊಕ್ಕ. ಅವರು ಕೂರಿಸಿದ ತೋಳಿನ ಹಾಗೆ ಇನ್ನೊಬ್ಬರು ಕೂರಿಸಲಾರರು ಎಂಬುದನ್ನು ಬೈಯಲು ಬಂದವರೂ ಒಪ್ಪಿ, ಆಮೇಲೆ ಬೈಯುತ್ತಿದ್ದರು.

ಇಂಥ ಮಾಸ್ಟರ ತಲೆಗೆ ಗಾಳಿಯಂತ್ರ ಹೊಕ್ಕಿದ್ದು ಒಬ್ಬ ಪ್ರೊಫೆಸರರ ಸೊಂಟದ ಕಡೆಯಿಂದ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಆ ಪ್ರೊಫೆಸರರ ಮಾತನ್ನು ತರಗತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆದರೆ ಟೇಪಿನ ಎರಡೂ ತುದಿ ಹಿಡಿದು ಸೊಂಟದ ಮುಂದೆ ಬಗ್ಗಿದ ದರ್ಜಿ ಎಲ್ಲಿಗೂ ಎದ್ದು ಹೋಗುವಂತಿಲ್ಲವಲ್ಲ. ಪ್ರೊಫೆಸರರು ಶುರುಮಾಡಿದರು. ಬೆಟ್ಟದ ಮೇಲೆ ದೊಡ್ಡ ಫ್ಯಾನಿನಂತೆ ನಿಂತಿರುತ್ತವಲ್ಲ, ಆ ಗಾಳಿಯಂತ್ರಗಳು ಗಾಳಿ ಬಂದತ್ತ ಮುಖ ತಿರುಗಿಸಿಕೊಳ್ಳಬೇಕಂತೆ. ಇವರು ಅಭ್ಯಾಸ ಮಾಡುತ್ತಿರುವ ಯಂತ್ರಕ್ಕೆ ಆ ತಾಪತ್ರಯವೇ ಇಲ್ಲ. ನೆಟ್ಟಗೆ ಒಂದು ಕಂಬ, ಕಂಬದ ಸುತ್ತ ನೆಟ್ಟಗೆ ನಿಂತ ರೆಕ್ಕೆಗಳು, ಗಾಳಿ ಯಾವ ದಿಕ್ಕಿನಿಂದ ಬಂದರೂ ರಾಟೆಯಂತೆ ತಿರುಗುತ್ತದೆ. ಶುರುವಿನಲ್ಲಿ ಬೆರಳಿನಿಂದ ಒಂದು ಸಲ ತಳ್ಳಿಕೊಟ್ಟರೆ ಸಾಕು. ಗುಟ್ಟೆಲ್ಲ ರೆಕ್ಕೆಯ ಆಕಾರದಲ್ಲಿದೆ. ಮುಂದೆ ದುಂಡಗೆ, ಹಿಂದೆ ತೆಳ್ಳಗೆ, ನಡುವೆ ಹೊಟ್ಟೆ ಹದವಾಗಿ ಬಾಗಿರಬೇಕು. ಬಾಗು ಹೆಚ್ಚೂಕಡಿಮೆಯಾದರೆ ಗಾಳಿ ರೆಕ್ಕೆಗೆ ಅಂಟದೆ ಜಾರಿಹೋಗುತ್ತದೆ. ಒಂದು ರೆಕ್ಕೆಯ ಆಕಾರವನ್ನು ಅವರು ಮಾಸ್ಟರ ಸೀಮೆಸುಣ್ಣದಿಂದಲೇ ಕತ್ತರಿಸುವ ಮೇಜಿನ ಮೇಲೆ ಬರೆದು ತೋರಿಸಿ, ಉಳಿದವೂ ಹಾಗೇ ಎಂದರು.

ತೋಳಿನ ವಿಷಯ ಬಿಟ್ಟರೆ ಮಾಸ್ಟರೊಡನೆ ಬಾಗಿನ ಬಗ್ಗೆ ಯಾರೂ ಇಷ್ಟು ಪ್ರೀತಿಯಿಂದ ಮಾತಾಡಿದ್ದೇ ಇಲ್ಲ. ಅವರು ಕಿವಿ ನಿಮಿರಿಸಿದರು. ಕೊನೆಗೆ ಪ್ರೊಫೆಸರರು ಹೇಳಿದ ಒಂದು ಮಾತಂತೂ ಅವರ ಎದೆಗೇ ನಾಟಿತು. ಬೀಸುವ ಗಾಳಿಯಲ್ಲಿ ನೂರಕ್ಕೆ ಅರವತ್ತು ಪಾಲು ಕೂಡ ಯಾವ ಯಂತ್ರವೂ ಹಿಡಿಯಲಾರದಂತೆ. ಮಿಕ್ಕದ್ದನ್ನು ಬಿಟ್ಟುಕೊಡಲೇಬೇಕಂತೆ, ಇಲ್ಲದಿದ್ದರೆ ಹಿಂದೆ ಬರುವ ಗಾಳಿಗೆ ದಾರಿ ಎಲ್ಲಿದೆ? ಇದು ಮಾಸ್ಟರಿಗೆ ತಟ್ಟನೆ ಅರ್ಥವಾಯಿತು. ಚಿಂದಿ ಬೀಳದೆ ಯಾವ ಅಂಗಿಯೂ ಆಗುವುದಿಲ್ಲ. ಗಾಳಿಗೂ ಚಿಂದಿ ಉಂಟು ಎಂದು ಪ್ರೊಫೆಸರರಿಗೇ ತಿರುಗಿ ಹೇಳಿದರು. ಇಷ್ಟು ದೊಡ್ಡ ತತ್ವ ತಿಳಿದ ಸಂತೋಷದಲ್ಲಿ ಅವರು ಸೊಂಟದ ಅಳತೆ ಬರೆದುಕೊಳ್ಳುವುದನ್ನು ಮರೆತರು.

ಇಲ್ಲಿಗೇ ನಿಂತಿದ್ದರೆ ಮಾಸ್ಟರು ಸುಖವಾಗಿರುತ್ತಿದ್ದರು. ಆದರೆ ಅದೇ ವಾರ ಅವರ ಹೆಂಡತಿಯ ಅಣ್ಣ ಬಂಧುಗಳನ್ನೆಲ್ಲ ತನ್ನ ಹೊಸ ಮನೆಗೆ ಊಟಕ್ಕೆ ಕರೆದಿದ್ದ. ಈತ ಬ್ಯಾಟರಿ, ಇನ್ವರ್ಟರ್ ಮಾರುವ ದೊಡ್ಡ ಅಂಗಡಿಯವನು. ಮನೆಯೊಳಗೆ ಎಲ್ಲರೂ ಅವನನ್ನು ಬ್ಯಾಟರಿ ಭಾವ ಎಂದೇ ಕರೆಯುತ್ತಿದ್ದರು, ಎದುರಿಗೆ ಬರೀ ಭಾವ. ಊಟಕ್ಕೆ ಮೊದಲು ಬ್ಯಾಟರಿ ಭಾವ ಎಲ್ಲರನ್ನೂ ಮಹಡಿಗೆ ಹತ್ತಿಸಿ, ತಾನು ಹಾಕಿಸಿದ ಸೌರ ಫಲಕಗಳ ಮುಂದೆ ನಿಲ್ಲಿಸಿ, ಹಸಿವಿನಿಂದ ಕಂಗಾಲಾದವರ ಮುಖದಲ್ಲಿ ಮೆಚ್ಚುಗೆ ಮೂಡುವವರೆಗೂ ವಿವರಿಸಿದ. ಊಟಕ್ಕೆ ಕೂತಾಗಲೂ ಅದೇ ಮಾತು. ಮಾಸ್ಟರಿಗೆ ಇನ್ನು ತಡೆಯಲಾಗಲಿಲ್ಲ. ಅವರು ಬಾಯಿ ಬಿಟ್ಟರು.

ಸೂರ್ಯ ಸಂಜೆ ಮನೆಗೆ ಹೋಗುವ ನೌಕರ, ಗಾಳಿಗೆ ರಜೆ ಇಲ್ಲ ಎಂದರು. ತಾನು ತನ್ನ ಮಹಡಿಯ ಮೇಲೆ ನೆಟ್ಟ ಕಂಬದ ಗಾಳಿಯಂತ್ರ ಕೂರಿಸುತ್ತಿದ್ದೇನೆ, ಮನೆಗೆ ಬೇಕಾದ ಕರೆಂಟು ತಾನೇ ಮಾಡುತ್ತೇನೆ ಎಂದರು. ಅದರಿಂದ ಎಷ್ಟು ಸಿಗುತ್ತದೆ ಎಂದು ಯಾರೋ ಕೇಳಿದ್ದಕ್ಕೆ, "ನೂರಕ್ಕೆ ಅರವತ್ತು ದಾಟಕ್ಕಾಗಲ್ಲ, ಅದು ಪ್ರಕೃತಿ ನಿಯಮ" ಎಂದು ಬಹಳ ವಿನಯದಿಂದ ಹೇಳಿದರು. ಪಂಕ್ತಿಯಲ್ಲಿದ್ದವರೆಲ್ಲ ಎಲೆಯಿಂದ ತಲೆ ಎತ್ತಿ ಅವರನ್ನೇ ನೋಡಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಮಾಸ್ಟರು ಒಂದೇ ಏಟಿಗೆ ಎರಡನ್ನೂ ಕಳೆದುಕೊಂಡಿದ್ದರು.

ಬ್ಯಾಟರಿ ಭಾವ ಮಾತ್ರ ನಕ್ಕ. "ನನ್ನ ಕೋಟು ಕೊಟ್ಟೇ ಎಷ್ಟೋ ಕಾಲ ಆಯ್ತು ಮಾಸ್ಟ್ರೇ, ಅದಿನ್ನೂ ಮನೆಗೆ ಬಂದಿಲ್ಲ. ಕರೆಂಟು ಯಾವಾಗ, ನಾಳೇನಾ?"

ಎಲ್ಲರೂ ನಕ್ಕರು. ಇಂಥ ಹೊತ್ತಿನಲ್ಲಿ ಮಾಸ್ಟರ ಹೆಂಡತಿಯೂ ತಲೆ ತಗ್ಗಿಸಿ ಸ್ವಲ್ಪ ನಗುವುದು ವಾಡಿಕೆ. ಅಣ್ಣ ತಮಾಷೆ ಮಾಡಿದರೆ ತಂಗಿ ನಗಬೇಕು, ಮದುವೆಯಾದಾಗಿನಿಂದ ಹಾಗೇ ನಡೆದುಬಂದಿತ್ತು. ಆ ದಿನ ಅವರಿಗೆ ಏನಾಯಿತೋ, ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟು ಅಣ್ಣನ ಮುಖ ನೋಡಿದರು.

"ನಮ್ಮನೆಯವರು ಮಾಡ್ತೀನಿ ಅಂದ್ರೆ ಮಾಡ್ತಾರೆ ಅಣ್ಣ. ನೀನೇ ಬಂದು ನೋಡು."

ಮಾಸ್ಟರು ಬಾಯಿಗೆ ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. ತನ್ನ ಪರವಾಗಿ ಯಾರಾದರೂ ಹೀಗೆ ನಾಲ್ಕು ಜನರ ಮುಂದೆ ಮಾತಾಡಿದ್ದು ಅವರ ನೆನಪಿನಲ್ಲೇ ಇರಲಿಲ್ಲ. ಅವರಿಗೆ ಬಹಳ ಸಂತೋಷವಾಯಿತು. ಅದರ ಹಿಂದೆಯೇ ಬಹಳ ಭಯವೂ ಆಯಿತು, ಏಕೆಂದರೆ ಯಂತ್ರ ಇನ್ನೂ ಮೇಜಿನ ಮೇಲೆ ಸೀಮೆಸುಣ್ಣದ ಗೆರೆಯಾಗಿಯೇ ಇತ್ತು.

ಮರುದಿನವೇ ಕೆಲಸ ಹಿಡಿದರು. ಗಿರಾಕಿಗಳ ಬಟ್ಟೆಗಳೆಲ್ಲ ಗಂಟುಕಟ್ಟಿ ಮೂಲೆ ಸೇರಿದವು. ಬಿದಿರಿನ ಸೀಳುಗಳನ್ನು ಎಲುಬಿನಂತೆ ಜೋಡಿಸಿ, ಮೇಲೆ ಕೋಟಿನೊಳಗೆ ಹಾಕುವ ದಪ್ಪ ಕ್ಯಾನ್ವಾಸ್ ಎಳೆದು, ಎರಡು ಸಾಲು ಹೊಲಿಗೆ ಹಾಕಿ, ಅಂಟು ಬಳಿದು ಒಣಗಿಸಿ, ಇಸ್ತ್ರಿ ಮಾಡಿದರು. ರೆಕ್ಕೆ ಸಿದ್ಧವಾದಾಗ ಎಷ್ಟು ಚೆನ್ನಾಗಿತ್ತೆಂದರೆ ಅದಕ್ಕೊಂದು ಗುಂಡಿ ಹಾಕಿದ್ದರೆ ಯಾರಾದರೂ ತೊಟ್ಟುಕೊಂಡೇ ಹೋಗುತ್ತಿದ್ದರು. ಮುಂಭಾಗ ಒಳ್ಳೆಯ ಕಾಲರಿನ ಹಾಗೆ ದುಂಡಗೆ, ಹಿಂಭಾಗ ಮಡಿಕೆಯ ಅಂಚಿನ ಹಾಗೆ ತೆಳ್ಳಗೆ.

ಅಂಥವು ನಾಲ್ಕು ಬೇಕು. ಇಲ್ಲಿ ಮಾಸ್ಟರು ಒಂದು ಕ್ಷಣವೂ ಯೋಚಿಸಲಿಲ್ಲ. ದರ್ಜಿಯಾದವನು ತೋಳು ಕತ್ತರಿಸುವಾಗ ಒಂದು ಎಡಗೈಗೆ, ಒಂದು ಬಲಗೈಗೆ ಕತ್ತರಿಸುತ್ತಾನೆ. ಒಂದರ ಬಾಗು ಈ ಕಡೆಗಾದರೆ ಇನ್ನೊಂದರದು ಆ ಕಡೆಗೆ, ಕನ್ನಡಿಯಲ್ಲಿ ಕಂಡ ಹಾಗೆ. ಕೆಲಸ ಕಲಿಯುವ ಕಾಲದಲ್ಲಿ ಒಮ್ಮೆ ಅವರು ಒಂದೇ ಷರಟಿಗೆ ಎರಡು ಎಡತೋಳು ಕತ್ತರಿಸಿದ್ದರು. ಗುರುಗಳು ಕೊಟ್ಟ ಕೆನ್ನೆಯೇಟಿನ ಶಬ್ದಕ್ಕೆ ಎದುರಂಗಡಿಯ ಕ್ಷೌರಿಕ ಕತ್ತರಿ ನಿಲ್ಲಿಸಿ ಇಣುಕಿದ್ದನಂತೆ. ಆವತ್ತಿನಿಂದ ಮಾಸ್ಟರ ಕೈ ಎಡ ಕತ್ತರಿಸಿದ ಮೇಲೆ ತಾನಾಗಿಯೇ ಬಲ ಕತ್ತರಿಸುತ್ತಿತ್ತು. ಅದರಂತೆ ರೆಕ್ಕೆಗಳಲ್ಲೂ ಎರಡು ಎಡ, ಎರಡು ಬಲ ಮಾಡಿದರು. ಎಡದ ಎದುರಿಗೆ ಬಲ ಬರುವಂತೆ ಕಂಬದ ಸುತ್ತ ಕೂರಿಸಿ, ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಅಚ್ಚುಕಟ್ಟಾಗಿ ಹೊಂದಿಕೊಂಡಿತ್ತು.

ಸೈಕಲ್ ಅಂಗಡಿಯಿಂದ ಬೇರಿಂಗೂ, ಹಳೆಯ ಸೈಕಲ್ಲಿನ ಡೈನಮೋವೂ, ಅದರ ಪುಟ್ಟ ಬಲ್ಬೂ ಬಂದವು. ಮಹಡಿಯ ಮೇಲೆ, ಕೆಳಮನೆಯ ಅಜ್ಜಿ ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ಕಂಬ ಎದ್ದು ನಿಂತಿತು. ಬೀದಿಯವರೆಲ್ಲ ಮೇಲೆ ಬಂದರು. ಮಾಸ್ಟರು ಬೆರಳಿನಿಂದ ತಳ್ಳಿದರು.

ಯಂತ್ರ ಅರ್ಧ ಗೇಣು ಆಚೆ ಹೋಯಿತು. ಸ್ವಲ್ಪ ಯೋಚಿಸಿ, ಅರ್ಧ ಗೇಣು ಈಚೆ ಬಂತು. ನಿಂತಿತು.

ಗಾಳಿ ಇಲ್ಲ ಎಂದು ಮಾಸ್ಟರು ಹೇಳಿದರು. ಹೇಳುತ್ತಿರುವಾಗಲೇ ಕೆಳಮನೆಯ ಅಜ್ಜಿಯ ಹಾಸುಬಟ್ಟೆ ಹಗ್ಗದ ಮೇಲಿಂದ ಎದ್ದು ಅವರ ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಂಡ ಮೇಲೆ, ಇದು ಬಟ್ಟೆ ಒಣಗಿಸುವ ಗಾಳಿ, ಕರೆಂಟಿನ ಗಾಳಿ ಬೇರೆ, ಅದು ನಾಳೆ ಬರುತ್ತದೆ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಜ್ಜಿ ಗೊಣಗಿ, ಹಾಸುಬಟ್ಟೆ ಕಸಿದುಕೊಂಡು ಕೆಳಗಿಳಿದರು.

ಆಮೇಲಿನ ದಿನಗಳಲ್ಲಿ ಬೀದಿಯ ಜನರಿಗೆ ಹೊತ್ತು ಕಳೆಯಲು ಒಳ್ಳೆಯ ದಾರಿ ಸಿಕ್ಕಿತು. ಒಬ್ಬರು ಎಣ್ಣೆ ಬಿಡಿ ಎಂದರು, ಇನ್ನೊಬ್ಬರು ಬಿಟ್ಟ ಎಣ್ಣೆ ಒರೆಸಿ ಎಂದರು. ಮೇಲೆ ಬಂದವರೆಲ್ಲ ಒಂದೊಂದು ಸಲ ತಳ್ಳಿ ಹೋಗುತ್ತಿದ್ದರು. ಯಂತ್ರ ಎಲ್ಲರನ್ನೂ ಸಮಾನವಾಗಿ ಕಂಡಿತು. ಒಂದು ಸಂಜೆ ಬಿರುಗಾಳಿಯೇ ಬೀಸಿ ಎದುರುಮನೆಯ ತಗಡಿನ ಚಾವಣಿ ಹಾರಿ ರಸ್ತೆಗೆ ಬಿತ್ತು. ಆಗಲೂ ಮಾಸ್ಟರ ಯಂತ್ರ, ಅಷ್ಟು ಗಾಳಿಯಲ್ಲಿ ಬೀದಿಗೆಲ್ಲ ಅಲ್ಲಾಡದೆ ನಿಂತ ಒಂದೇ ವಸ್ತುವಾಗಿ, ಗಂಭೀರವಾಗಿ ನಿಂತಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಏನೆಂದು ಮಾಸ್ಟರಿಗೆ ಆ ಸಂಜೆ ತಿಳಿಯಿತು.

ಎಲ್ಲರೂ ಏನಾದರೂ ಒಂದು ಕೇಳುತ್ತಿದ್ದರು. ಏನೂ ಕೇಳದವರೆಂದರೆ ಹೆಂಡತಿ ಒಬ್ಬರೇ. ಅವರು ಅಂಗಡಿಯ ಮೂಲೆಯಲ್ಲಿ ಕೂತು ಕಾಜ ಹೊಲಿಯುತ್ತ, ಗುಂಡಿ ಹಾಕುತ್ತ ಇರುತ್ತಿದ್ದರು. ಮಾಸ್ಟರು ಆ ಮೂಲೆಯತ್ತ ನೋಡುವುದನ್ನೇ ಬಿಟ್ಟರು.

ಅಷ್ಟರಲ್ಲಿ ವಿದ್ಯುತ್ ಕಚೇರಿಯಿಂದ ಸಾಹೇಬರು ಬಂದರು. ಇದಕ್ಕೆ ಕಾರಣ ಕೆಳಮನೆಯ ಅಜ್ಜಿ. ಮೀಟರ್ ನೋಡಲು ಬಂದವನಿಗೆ ಅವರು, ಮೇಲಿನವರು ಸ್ವಂತ ಕರೆಂಟು ಮಾಡುತ್ತಾರಂತೆ, ಮೊದಲು ಅವರದ್ದು ನೋಡಿಕೊಂಡು ಬಾ ಎಂದಿದ್ದರು. ಅಪ್ಪಣೆ ಇಲ್ಲದೆ ಕರೆಂಟು ಮಾಡುವುದು ಅಪರಾಧವಂತೆ. ಸಾಹೇಬರು ಬುಸುಗುಡುತ್ತ ಮೆಟ್ಟಿಲು ಹತ್ತಿ, ಜೋರು ಗಾಳಿಗೆ ತಲೆಯ ಮೇಲಿನ ಉಳಿದ ಕೂದಲನ್ನು ಕೈಯಿಂದ ಒತ್ತಿಹಿಡಿದು, ಕದಲದೆ ನಿಂತ ಯಂತ್ರವನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಮೆಲ್ಲಗೆ ತಲೆದೂಗಿದರು. ಇಷ್ಟು ಗಾಳಿಯಲ್ಲಿ ತಾನಾಗಿ ಯಾವ ಯಂತ್ರವೂ ನಿಲ್ಲುವುದಿಲ್ಲ. ನಿಂತಿದೆ ಎಂದರೆ ಯಾರೋ ನಿಲ್ಲಿಸಿದ್ದಾರೆ. ತನ್ನ ಬೂಟಿನ ಸದ್ದು ಕೇಳಿ ಎಲ್ಲೋ ಗುಪ್ತವಾಗಿ ಬ್ರೇಕು ಹಾಕಿದ್ದಾರೆ. ತಮ್ಮ ನೌಕರಿಯಲ್ಲಿ ಅವರು ಇಂಥವರನ್ನು ಬೇಕಾದಷ್ಟು ಕಂಡಿದ್ದರಂತೆ.

ಸಾಹೇಬರು ಬ್ರೇಕು ಹುಡುಕಿದರು. ಹೂಕುಂಡಗಳನ್ನು ಎತ್ತಿ ನೋಡಿದರು, ನೀರಿನ ತೊಟ್ಟಿಯ ಕೆಳಗೆ ಕೈಹಾಕಿದರು, ಮಾಸ್ಟರ ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಒತ್ತಿ ನೋಡಿದರು. ಕೊನೆಗೆ ನೇರವಾಗಿ, ಇದರಿಂದ ಕರೆಂಟು ಬರುತ್ತದೋ ಇಲ್ಲವೋ ಹೇಳಿ ಎಂದರು.

ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು, ಕೇಸೂ ಇಲ್ಲ ಗೀಸೂ ಇಲ್ಲ. ಆದರೆ ಮೆಟ್ಟಿಲ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಮಾಸ್ಟರ ನಾಲಿಗೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಯಿತು.

"ನಾಳೆ ಬರುತ್ತೆ ಸಾರ್" ಎಂದರು.

ಸಾಹೇಬರಿಗೆ ಇದು ಸವಾಲಾಗಿ ಕೇಳಿಸಿತು. ಯಂತ್ರ ತಿರುಗುವುದನ್ನೂ ಬಲ್ಬು ಉರಿಯುವುದನ್ನೂ ಕಣ್ಣಾರೆ ಕಾಣದೆ ಕೇಸು ಹಾಕುವಂತಿಲ್ಲ. ಆದರೆ ಕಂಡೇ ಕಾಣುತ್ತೇನೆ, ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದು ಹೇಳಿ ಇಳಿದುಹೋದರು. ಹೋಗುವಾಗ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಅರ್ಧ ದಾರಿಯಿಂದ ವಾಪಸು ಬಂದು ಒಮ್ಮೆ ಇಣುಕಿದರು. ಯಂತ್ರ ನಿಂತೇ ಇತ್ತು.

ಸಾಹೇಬರ ಹಿಂದೆಯೇ ಪ್ರೊಫೆಸರರು ತಮ್ಮ ಪ್ಯಾಂಟು ಕೇಳಲು ಬಂದರು. ಅಳತೆಯೇ ಬರೆದುಕೊಂಡಿಲ್ಲವೆಂದು ಹೇಳಲಾರದೆ ಮಾಸ್ಟರು ಅವರನ್ನು ಮಹಡಿಗೆ ಕರೆದುಕೊಂಡು ಹೋದರು. ಪ್ರೊಫೆಸರರು ರೆಕ್ಕೆಯ ಬಾಗನ್ನು ಸವರಿದರು, ದುಂಡನ್ನು ಅಳೆದರು, ತಪ್ಪೇ ಇಲ್ಲ ಎಂದರು. ತಳ್ಳಿದರು. ಆಚೆ ಅರ್ಧ ಗೇಣು, ಈಚೆ ಅರ್ಧ ಗೇಣು, ನಿಂತಿತು. ಪ್ರೊಫೆಸರರ ಕಣ್ಣು ದೊಡ್ಡದಾಯಿತು. ಎಡ ಬಲದ ವಿಷಯ ಅವರ ಗಮನಕ್ಕೇ ಬರಲಿಲ್ಲ. ಕಪ್ಪು ಹಲಗೆಯ ಮೇಲೆ ಅವರು ಯಾವತ್ತೂ ಒಂದೇ ರೆಕ್ಕೆ ಬರೆದು, ಉಳಿದವೂ ಹಾಗೇ ಎಂದು ಹೇಳಿ ಕೈ ಒರೆಸಿಕೊಳ್ಳುತ್ತಿದ್ದರು. ನಾಲ್ಕನ್ನು ಒಟ್ಟಿಗೆ ನೋಡಿದ್ದು ಇದೇ ಮೊದಲು.

"ಈ ಯಂತ್ರಗಳಿಗೆ ಇರೋ ದೊಡ್ಡ ರೋಗ ಏನು ಗೊತ್ತಾ ಮಾಸ್ಟ್ರೇ? ಬಿರುಗಾಳೀಲಿ ಹುಚ್ಚು ಹಿಡಿದ ಹಾಗೆ ತಿರುಗಿ ತಿರುಗಿ ಮುರಿದುಬೀಳ್ತವೆ. ನಿಲ್ಲಿಸೋದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. ನೀವು ಬ್ರೇಕೇ ಇಲ್ಲದೆ, ಬರೀ ರೆಕ್ಕೆ ಆಕಾರದಿಂದ ನಿಲ್ಲಿಸಿದ್ದೀರಿ."

ನಿಲ್ಲಿಸಿದ್ದು ತಾನಲ್ಲ ಎಂದು ಮಾಸ್ಟರು ಪ್ರಾಮಾಣಿಕವಾಗಿ ಹೇಳಿದರು. ಪ್ರೊಫೆಸರರು ಇದನ್ನು ದೊಡ್ಡ ಮನುಷ್ಯರ ವಿನಯವೆಂದು ತಿಳಿದರು. ಭಾನುವಾರ ವಿದ್ಯಾರ್ಥಿಗಳನ್ನು ಕರೆತರುತ್ತೇನೆ, ಅಲ್ಲಿಯವರೆಗೆ ಯಂತ್ರವನ್ನು ಮುಟ್ಟಬೇಡಿ, ಅದು ತಿರುಗದ ಹಾಗೆ ನೋಡಿಕೊಳ್ಳಿ ಎಂದು ಕೈಹಿಡಿದು ಕೇಳಿಕೊಂಡರು. ತಿರುಗದ ಹಾಗೆ ನೋಡಿಕೊಳ್ಳುವುದು ಮಾಸ್ಟರಿಗೆ ಕಷ್ಟವಾಗುವಂತೆ ಕಾಣಲಿಲ್ಲ. ಪ್ಯಾಂಟಿನ ಮಾತೂ ಏಳಲಿಲ್ಲ. ಹೀಗೆ, ತಿರುಗಿದರೆ ಕೇಸು ಎನ್ನುವವರೊಬ್ಬರು, ತಿರುಗದಿದ್ದರೆ ಸನ್ಮಾನ ಎನ್ನುವವರೊಬ್ಬರು ಆದರು. ಬೇರೆ ಯಾರಾಗಿದ್ದರೂ ನಿಂತದ್ದೇ ಒಳ್ಳೆಯದಾಯಿತು ಎಂದು ಹಾಯಾಗಿ ನಿದ್ದೆ ಮಾಡುತ್ತಿದ್ದರು.

ಆ ಸಂಜೆ ಹೆಂಡತಿ ದಾರ ಕಚ್ಚಿ ಕತ್ತರಿಸುತ್ತ, ಭಾನುವಾರ ಅಣ್ಣ ಬರುತ್ತಾನಂತೆ ಎಂದರು. ಕೋಟೂ ಬೇಕಂತೆ, ದೀಪವನ್ನೂ ನೋಡಬೇಕಂತೆ. ಇನ್ನೊಂದು ವಾರ ಬಿಟ್ಟು ಬಾ ಎಂದು ಹೇಳಿಬಿಡು ಎಂದರು ಮಾಸ್ಟರು.

"ನಾನು ಹೇಳಲ್ಲ ರೀ. ಅವನ ಎದುರು ನಿಂತು ಮಾತಾಡಿದ್ದು ನಾನು ಅದೊಂದೇ ಸಲ. ಅದನ್ನ ನಾನೇ ವಾಪಸ್ ತಗೊಳ್ಳಲ್ಲ."

ಅವರು ಇಷ್ಟು ಹೇಳಿ ಮುಂದಿನ ಗುಂಡಿಗೆ ಸೂಜಿ ಹಾಕಿದರು. ಮಾಸ್ಟರು ಮೆಲ್ಲಗೆ ಎದ್ದರು. ಯಂತ್ರದ ಮೇಲಂತೂ ಕೈ ಸಾಗದು, ಕೋಟಿನ ಮೇಲಾದರೂ ಸಾಗಲಿ ಎಂದು ಮೂಲೆಯ ಗಂಟು ಬಿಚ್ಚಿ ಭಾವನ ಕೋಟು ತೆಗೆದರು. ಭಾನುವಾರದ ಹೊತ್ತಿಗೆ ಅದು ಸಿದ್ಧವಾಗಿ ನೇತಾಡುತ್ತಿತ್ತು. ಮಾಸ್ಟರು ಕೇಳಿದ ದಿನಕ್ಕೆ ಬಟ್ಟೆ ಮುಗಿಸಿದರು ಎಂಬ ಸುದ್ದಿ ಕೇಳಿ ಬೀದಿಯಲ್ಲಿ ಕೆಲವರು ಅವರಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು.

ಭಾನುವಾರ ಗಾಳಿ ಬೆಳಿಗ್ಗೆಯಿಂದಲೇ ಭೋರೆನ್ನುತ್ತಿತ್ತು. ಮಹಡಿಯ ಒಂದು ಕಡೆ ಪ್ರೊಫೆಸರರು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ತಿರುಗದೆ ಇರುವುದರ ಮಹತ್ವವನ್ನು ವಿವರಿಸುತ್ತಿದ್ದರು. ಇನ್ನೊಂದು ಕಡೆ ಕೆಳಮನೆಯ ಅಜ್ಜಿಯ ದೊಡ್ಡ ಹಾಸುಬಟ್ಟೆ ಒಣಗುತ್ತಿತ್ತು. ನಡುವೆ ಬ್ಯಾಟರಿ ಭಾವ ಕೈಕಟ್ಟಿ ನಿಂತು ಯಂತ್ರವನ್ನು ಬುಡದಿಂದ ತುದಿಯವರೆಗೆ ನೋಡಿದ. ನೋಡಿ, ತಂಗಿಯತ್ತ ತಿರುಗಿ ಏನೂ ಹೇಳದೆ ನಕ್ಕ. ಹೆಂಡತಿಯ ಮುಖ ಕೆಂಪಾಯಿತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಅದನ್ನು ನೋಡಿ ಮಾಸ್ಟರಿಗೆ ತಾನು ಮಹಡಿಯಿಂದ ಹಾರಿದರೂ ಈ ಗಾಳಿ ತನ್ನನ್ನು ತಂದು ಇಲ್ಲೇ ನಿಲ್ಲಿಸುತ್ತದೆ ಎನ್ನಿಸಿತು.

ಕೋಟಾದರೂ ಕೊಡಿ ಮಾಸ್ಟ್ರೇ ಎಂದ ಭಾವ. ಅಲ್ಲೇ ತೊಟ್ಟುಕೊಂಡು, ಎದೆಯುಬ್ಬಿಸಿ, ಟ್ರಯಲ್ ನೋಡುವವರೆಲ್ಲ ಮಾಡುವ ಹಾಗೆ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದ. ಮಾಸ್ಟರ ಕಣ್ಣು ಅಭ್ಯಾಸಬಲದಿಂದ ತೋಳುಗಳ ಮೇಲೆ ಹೋಯಿತು. ಬಲಗೈ ತೋಳಿನ ಬಾಗು ಮುಂದಕ್ಕಿತ್ತು. ಎಡಗೈಯದೂ ಮುಂದಕ್ಕೇ ಇತ್ತು. ಇರಲೇಬೇಕು, ಮನುಷ್ಯನಿಗೆ ಎದೆ ಒಂದು ಕಡೆ, ಬೆನ್ನು ಒಂದು ಕಡೆ, ಎರಡೂ ಕೈ ಎದೆಯ ಕಡೆಗೇ ಬಾಗಬೇಕು. ಅವರ ಕಣ್ಣು ಭಾವನಿಂದ ಯಂತ್ರಕ್ಕೆ ಹೋಯಿತು, ಯಂತ್ರದಿಂದ ಭಾವನಿಗೆ ಬಂತು. ಯಂತ್ರಕ್ಕೆ ಎದೆ ಎಲ್ಲಿದೆ, ಬೆನ್ನು ಎಲ್ಲಿದೆ? ಅದು ಸುತ್ತ ತಿರುಗುವ ಪ್ರಾಣಿ. ಅದರ ರೆಕ್ಕೆಗಳು ಒಂದರ ಬೆನ್ನಟ್ಟಿ ಒಂದು ಓಡಬೇಕು. ಇಲ್ಲಿ ನೋಡಿದರೆ ಎರಡು ಈ ಕಡೆಗೆ ಓಡಲು ಹೊರಟಿವೆ, ಎರಡು ಆ ಕಡೆಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾವ ಗುಪ್ತ ಬ್ರೇಕೂ ಇಷ್ಟು ಬಲವಾಗಿ ಹಿಡಿಯಲಾರದು.

"ಭಾವ, ಕೈ ಹಾಗೇ ಇರಲಿ, ಇಳಿಸಬೇಡಿ" ಎಂದರು ಮಾಸ್ಟರು.

ಭಾವ ಕೋಟಿನಲ್ಲಿ ಏನೋ ದೋಷವಿದೆಯೆಂದು ತಿಳಿದು ಹಾಗೆಯೇ ಕೈಚಾಚಿ ನಿಂತ. ಮಾಸ್ಟರು ಕತ್ತರಿಯ ತುದಿಯಿಂದಲೇ ತಿರುಪು ಬಿಚ್ಚಿ ಎರಡು ಬಲರೆಕ್ಕೆಗಳನ್ನು ಕಂಬದಿಂದ ಕಿತ್ತರು. ಪ್ರೊಫೆಸರರು ಸಂಶೋಧನೆ ಹಾಳಾಯಿತೆಂದು ಕೂಗಿಕೊಂಡರು. ಮಾಸ್ಟರಿಗೆ ಅದು ಕೇಳಿಸಲೇ ಇಲ್ಲ. ಬಲತೋಳನ್ನು ತಲೆಕೆಳಗು ಮಾಡಿದರೆ ಅದು ಎಡತೋಳಾಗುತ್ತದೆ ಎಂಬುದು ಅವರಿಗೆ ಗೊತ್ತು. ಆದರೆ ಹಾಗೆ ಮಾಡುವುದು ಮಹಾಪಾಪ ಎಂದೂ ಗೊತ್ತು. ನಾಲ್ಕೂ ಎಡವೇ. ಕೆನ್ನೆ ಚುರುಗುಟ್ಟಿತು. ಗುರುಗಳೇ ಕ್ಷಮಿಸಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಎರಡನ್ನೂ ತಲೆಕೆಳಗಾಗಿ ಕೂರಿಸಿ, ತಿರುಪು ಬಿಗಿದು, ಬೆರಳಿನಿಂದ ಮೆಲ್ಲಗೆ ತಳ್ಳಿದರು.

ಯಂತ್ರ ಅರ್ಧ ಗೇಣು ಹೋಯಿತು. ಎಲ್ಲರೂ ಅದು ವಾಪಸು ಬರುವುದನ್ನು ಕಾದರು. ಅದು ಬರಲಿಲ್ಲ. ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು, ಆಮೇಲೆ ಯಾರಿಗೂ ಎಣಿಸಲಾಗಲಿಲ್ಲ. ಇಷ್ಟು ದಿನದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವ ಹಾಗೆ ಗಿರಗಿರನೆ ಸುತ್ತತೊಡಗಿತು. ಅದೇ ಹೊತ್ತಿಗೆ ಬಂದ ಗಾಳಿಯ ರಭಸಕ್ಕೆ ಅಜ್ಜಿಯ ಹಾಸುಬಟ್ಟೆ ಹಗ್ಗ ಬಿಟ್ಟು ಹಾರಿಹೋಯಿತು. ಅದರ ಹಿಂದೆ, ಬೂಟುಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು, ಕಾಲುಚೀಲದಲ್ಲಿ ನಿಂತಿದ್ದ ವಿದ್ಯುತ್ ಕಚೇರಿಯ ಸಾಹೇಬರು ಎಲ್ಲರಿಗೂ ಕಂಡರು. ಬೆಳಿಗ್ಗೆಯಿಂದ ಅಲ್ಲೇ ಇದ್ದರಂತೆ. ತನ್ನ ಬಟ್ಟೆ ಕದಿಯಲು ಬಂದವನೆಂದು ಅಜ್ಜಿ ಕೋಲು ಎತ್ತಿದ್ದನ್ನು ಲೆಕ್ಕಿಸದೆ, ಸಾಹೇಬರು "ತಿರುಗಿತು, ತಿರುಗಿತು" ಎನ್ನುತ್ತ ಬಂದು ಮಾಸ್ಟರ ಕೈ ಹಿಡಿದರು. ಸಿಕ್ಕಿಬಿದ್ದವರಿಗಿಂತ ಹಿಡಿದವರಿಗೇ ಹೆಚ್ಚು ಆನಂದಬಾಷ್ಪ ಬಂದಿತ್ತು.

ಇನ್ನು ಬಲ್ಬು ಉರಿಯುವುದನ್ನು ಕಾಣಬೇಕು. ನಡುಹಗಲಿನ ಬಿಸಿಲಿನಲ್ಲಿ ಆ ಪುಟ್ಟ ಬಲ್ಬು ಉರಿಯುತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಅಂಗೈ ಮರೆಮಾಡಿ ನೋಡಿದರು, ಸಾಲಲಿಲ್ಲ. ಕೊನೆಗೆ ಸಾಹೇಬರು ಇನ್ನೂ ಕೈಚಾಚಿಯೇ ನಿಂತಿದ್ದ ಭಾವನ ಮೈಮೇಲಿನಿಂದ ಹೊಸ ಕೋಟನ್ನು ಬಿಚ್ಚಿಸಿ, ಬಲ್ಬಿನ ಮೇಲೂ ತಮ್ಮ ತಲೆಯ ಮೇಲೂ ಹೊದ್ದುಕೊಂಡು ಮೊಣಕಾಲೂರಿದರು. ಮಾಸ್ಟರ ಹೆಂಡತಿ ಕಣ್ಣು ಮುಚ್ಚಿಕೊಂಡರು.

"ಉರೀತಿದೆ" ಎಂದಿತು ಕೋಟು. "ಸಣ್ಣಗೆ ಉರೀತಿದೆ. ಆದ್ರೂ ಉರೀತಿದೆ."

ಪ್ರೊಫೆಸರರು ಹಿಂದೆಮುಂದೆ ನೋಡದೆ ವಿದ್ಯಾರ್ಥಿಗಳ ಕಡೆ ತಿರುಗಿ, ತಿರುಗುವುದರ ಮಹತ್ವವನ್ನು ವಿವರಿಸಲು ಶುರುಮಾಡಿದರು. ಈ ಬಲ್ಬಿನ ಲೆಕ್ಕದಲ್ಲಿ ಯಂತ್ರ ಎಷ್ಟು ಗಾಳಿ ಹಿಡಿಯಿತು ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಪ್ರೊಫೆಸರರು ಮನಸ್ಸಿನಲ್ಲೇ ಲೆಕ್ಕ ಹಾಕಿ, ಮಾಸ್ಟರ ಕಿವಿಯ ಬಳಿ ಬಗ್ಗಿ, ಸದ್ಯಕ್ಕೆ ಚಿಂದಿಯೇ ಜಾಸ್ತಿ ಎಂದು ಪಿಸುಗುಟ್ಟಿದರು. ಮಾಸ್ಟರು ಅದಕ್ಕೂ ತಲೆಯಾಡಿಸಿದರು. ಅವರು ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನು.

ಸಾಹೇಬರು ಕೋಟಿನಿಂದ ಹೊರಬಂದು ಅಲ್ಲೇ ನೀರಿನ ತೊಟ್ಟಿಯ ಮೇಲೆ ಕಾಗದ ಹರಡಿ ಕೇಸು ಬರೆದರು. ಬರೆದಾದ ಮೇಲೆ ಒಬ್ಬ ಸಾಕ್ಷಿ ಬೇಕೆಂದರು. ಈ ಮನೆಯಲ್ಲಿ ವಾಸವಿಲ್ಲದ, ಸ್ವಂತ ವ್ಯಾಪಾರವಿರುವ, ಕರೆಂಟಿನ ವಿಷಯ ಬಲ್ಲ ಮರ್ಯಾದಸ್ಥರೇ ಆಗಬೇಕಂತೆ. ಎಲ್ಲರೂ ಬ್ಯಾಟರಿ ಭಾವನನ್ನು ನೋಡಿದರು. ಇದೂ ಒಂದು ಕರೆಂಟಾ, ಬಿಟ್ಟುಬಿಡಿ ಸಾರ್ ಎಂದು ಭಾವ ನುಣುಚಿಕೊಳ್ಳಲು ನೋಡಿದ. ಸಾಹೇಬರು ಕೆರಳಿದರು. ಕಾನೂನಿನಲ್ಲಿ ಸಣ್ಣ ಕರೆಂಟು, ದೊಡ್ಡ ಕರೆಂಟು ಎಂದಿಲ್ಲ, ತಪ್ಪು ಮಾಡಿದವರನ್ನು ಮುಚ್ಚಿಡುವುದೂ ತಪ್ಪೇ ಎಂದು ಹೇಳಿ, ಭಾವನ ತಲೆಯನ್ನೂ ಅವನದೇ ಕೋಟಿನೊಳಗೆ ತೂರಿಸಿ ತೋರಿಸಿದರು. ಹೊರಗೆ ಬಂದಾಗ ಅವನ ಕೂದಲು ಕೆದರಿತ್ತು. ದಂಡ ಎಷ್ಟಾದರೂ ಆಗಲಿ, ಬೇಗ ಬರೆಯಿರಿ ಸಾರ್ ಎಂದು ಮಾಸ್ಟರ ಹೆಂಡತಿ ಸಾಹೇಬರಿಗೆ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

ಬ್ಯಾಟರಿ ಭಾವ ವ್ಯಾಪಾರಿ. ಯಾವ ಕಾಗದಕ್ಕೂ ಗಟ್ಟಿಯಾಗಿ ಓದದೆ ಸಹಿ ಹಾಕುವ ಪೈಕಿ ಅಲ್ಲ. ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡು ಓದಿದ: "ಈ ಮನೆಯ ದರ್ಜಿಯವರು ಯಾರ ನೆರವೂ ಇಲ್ಲದೆ, ತಮ್ಮ ಸ್ವಂತ ಕೈಯಿಂದ ಮಾಡಿದ ಯಂತ್ರದಲ್ಲಿ, ಬರೀ ಗಾಳಿಯಿಂದ ವಿದ್ಯುತ್ ತಯಾರಿಸುತ್ತಿರುವುದನ್ನು ನಾನು ಖುದ್ದಾಗಿ ಕಣ್ಣಾರೆ ಕಂಡಿದ್ದೇನೆ ಎಂದು ಪ್ರಮಾಣ ಮಾಡಿ ಹೇಳುತ್ತೇನೆ."

ಓದುತ್ತ ಓದುತ್ತ ಅವನ ಧ್ವನಿ ಇಳಿಯಿತು. ಸಹಿ ಹಾಕಲು ಬಗ್ಗಿದಾಗ ತಂಗಿ ಪಕ್ಕಕ್ಕೆ ಬಂದು ನಿಂತು, ಕಾಗದದ ಮೇಲೆ ಮೆಲ್ಲಗೆ ಕೈ ಇಟ್ಟರು.

"ಇನ್ನೊಂದ್ಸಲ ಓದಣ್ಣ. ಗಾಳಿ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ."